ಮುಂದೇನಾದೀತು? – ಕಥೆ ಕೇಳುವವರ ಊಹೆಯನ್ನು ಕುರಿತು

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ)

ಕಥೆ ಕೇಳುವವನು ಹೇಳುವವನ ಬೆನ್ನು ಹಿಡಿದು ಸುಮ್ಮನೆ ನಡೆಯುತ್ತಾನೆಂದು ತಿಳಿಯುವುದು ತಪ್ಪು. ಅವನು ಆಗಾಗ ಒಂದು ಹೆಜ್ಜೆ ಮುಂದೆ ಹೋಗಿ, ದಾರಿ ಎತ್ತ ತಿರುಗೀತೆಂದು ಇಣಿಕಿ ನೋಡಿ ಬರುತ್ತಾನೆ. ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ನಿನ್ನೆ ರಾತ್ರಿಯ ಧಾರಾವಾಹಿಯನ್ನು ಕುರಿತು, “ಆಕಿ ನಾಳಿ ಖರೇ ಹೇಳತಾಳ”, “ಎಲ್ಲೀದ, ಹೇಳೂದಿಲ್ಲ” ಎಂದು ವಾದಿಸುವುದನ್ನು ನಮ್ಮ ಕಡೆಯವರೆಲ್ಲ ಕೇಳಿದ್ದೇವೆ. ಕಾಲೇಜಿನ ಹುಡುಗರಾದ ನಾವೂ ಅದನ್ನೇ ಮಾಡುತ್ತೇವೆ. ಕಥೆ ಮಾತ್ರ ಬೇರೆ. ಈ ಊಹೆಯ ಮಾತುಗಳನ್ನು ಹಿರಿಯರು ಕಾಲಹರಣವೆಂದು ಗದರಿಸುವುದುಂಟು. ನಾನೂ ಬಹುದಿನ ಹಾಗೆಯೇ ತಿಳಿದಿದ್ದೆ. ಆದರೆ ಊಹಿಸುವುದೂ ಓದಿನ ಒಂದು ಬಗೆಯೇ ಎಂದು ಈಗ ನನಗೆ ತೋರುತ್ತದೆ. ಹಾಗೆ ತೋರಿದ್ದು ಹೇಗೆ ಎಂಬುದನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೂವರ ಊಹೆ

ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ನಾವು ನಾಲ್ವರು ಕೂಡಿ ‘ದಿ ವಾಕಿಂಗ್ ಡೆಡ್’ ಎಂಬ ಅಮೆರಿಕೆಯ ದೂರದರ್ಶನ ಧಾರಾವಾಹಿಯನ್ನು ಒಂದೇ ಮೊಬೈಲಿನಲ್ಲಿ ನೋಡತೊಡಗಿದೆವು. ಇದು 2010ರ ಅಕ್ಟೋಬರ್ 31ರಂದು ಆರಂಭವಾಗಿ 2022ರ ನವೆಂಬರ್ 20ರಂದು ಮುಗಿಯಿತು. ಒಟ್ಟು 11 ಭಾಗಗಳು, 177 ಕಂತುಗಳು. ಎಂದೋ ಮುಗಿದ ಕಥೆಯಾದರೂ ಮುಂದಿನ ಸಂಗತಿಯನ್ನು ಯಾರೂ ಹುಡುಕಿ ನೋಡಬಾರದೆಂದು ನಮ್ಮಲ್ಲಿ ಕರಾರಾಗಿತ್ತು.

ಕಥೆಯ ಹಂದರ ಸರಳವಾದುದು. ಯಾವುದೋ ಜಾಡ್ಯ ಲೋಕವನ್ನು ಹಬ್ಬಿದೆ. ಸತ್ತವರು ಎದ್ದು ನಡೆಯುತ್ತಾರೆ, ಬದುಕಿರುವವರನ್ನು ಕಚ್ಚಿ ತಿನ್ನುತ್ತಾರೆ. ಇಂಥ ನಡೆದಾಡುವ ಹೆಣಕ್ಕೆ ‘ಜಾಂಬಿ’ ಎಂದು ಹೆಸರು. ಈ ಕಲ್ಪನೆ ಹೈಟಿ ದೇಶದ ಜನರ ನಂಬಿಕೆಯಿಂದ ಬಂದದ್ದು. ಅಲ್ಲಿ ಜಾಂಬಿಯೆಂದರೆ ಮಾಂತ್ರಿಕನು ಎಬ್ಬಿಸಿ ತನ್ನ ದುಡಿಮೆಗೆ ಹಚ್ಚಿಕೊಂಡ ಹೆಣ. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದವರ ನಾಡಿನಲ್ಲಿ, ಸತ್ತ ಮೇಲೂ ದುಡಿಮೆ ತಪ್ಪಲಿಲ್ಲವೆಂಬ ಭಯವೇ ಈ ರೂಪ ತಾಳಿತು. 1968ರಲ್ಲಿ ಜಾರ್ಜ್ ರೊಮೆರೊ ಎಂಬ ನಿರ್ದೇಶಕನು ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಚಿತ್ರ ತೆಗೆದ ಮೇಲೆ, ಗುಂಪುಗುಂಪಾಗಿ ಬಂದು ಮನುಷ್ಯರನ್ನು ತಿನ್ನುವ ಹೆಣದ ಕಥೆ ರೂಢಿಗೆ ಬಂದಿತು.

ಇರಲಿ. ನಮ್ಮ ಕೋಣೆಯಲ್ಲಿ ಊಹೆ ಮೂರು ದಾರಿ ಹಿಡಿಯಿತು. ಹುಕ್ಕೇರಿಯ ಗೆಳೆಯನು ಮೂಲಗ್ರಂಥವನ್ನು ನಂಬುವವನು. ಈ ಧಾರಾವಾಹಿಗೆ ರಾಬರ್ಟ್ ಕರ್ಕ್‌ಮನ್ ಎಂಬವನು 2003ರಿಂದ 2019ರವರೆಗೆ 193 ಸಂಚಿಕೆಗಳಲ್ಲಿ ಬರೆದ ಚಿತ್ರಕಥೆಯೇ ಮೂಲ. ಅದರ ಸಾರವನ್ನು ಅವನು ಮೊದಲೇ ತಿಳಿದಿದ್ದ. ಕರಾರಿಗೆ ಮುಂಚಿನ ತಿಳಿವಾದ್ದರಿಂದ ನಾವು ಕ್ಷಮಿಸಿದೆವು. ಆದರೆ ಮೂಲವನ್ನು ನಂಬಿದವನಿಗೇ ಹೆಚ್ಚು ಸೋಲಾಯಿತು. ಮೂಲದಲ್ಲಿ ಕೊನೆಯವರೆಗೆ ಬದುಕುವ ಕಾರ್ಲ್ ಎಂಬ ಹುಡುಗ ದೂರದರ್ಶನದಲ್ಲಿ 8ನೆಯ ಭಾಗದಲ್ಲಿಯೇ ಸಾಯುತ್ತಾನೆ. ಎಲ್ಲರ ಮೆಚ್ಚಿಗೆಯ ಡ್ಯಾರಿಲ್ ಮೂಲದಲ್ಲಿ ಇಲ್ಲವೇ ಇಲ್ಲ.

ಗೋಕಾಕದ ಗೆಳೆಯನು ಹೊರಗಿನ ಕುರುಹುಗಳನ್ನು ನೋಡುವವನು. ಪ್ರತಿ ಕಂತಿನ ಆರಂಭದಲ್ಲಿ ಬರುವ ನಟರ ಹೆಸರುಗಳನ್ನು ಅವನು ಹಾಜರಿ ಪುಸ್ತಕದಂತೆ ಪರಿಶೀಲಿಸುತ್ತಿದ್ದ. ಹೆಸರು ಹೋಯಿತೆಂದರೆ ಪಾತ್ರವೂ ಹೋಯಿತೆಂದು ಅವನ ಲೆಕ್ಕ. ಮೂರನೆಯವನು ಮೂಡಲಗಿಯವನು. ಅವನು ಕಥೆಯ ಒಳಗಿನ ಸೂಚನೆಗಳನ್ನಷ್ಟೇ ನಂಬುತ್ತಿದ್ದ. ಯಾರು ಯಾರಿಗೆ ಏನು ಕೊಟ್ಟರು, ಯಾರ ಮುಖವನ್ನು ಹೆಚ್ಚು ಹೊತ್ತು ತೋರಿಸಿದರು, ಯಾರ ಮಾತು ಅರ್ಧಕ್ಕೆ ನಿಂತಿತು ಎಂಬುದೇ ಅವನ ಸಾಮಗ್ರಿ. ಸೋತವನು ಒಂದು ಪೆಟ್ಟಿಗೆ ಕರದಂಟು ತರಬೇಕೆಂದು ಪಣವಾಗಿತ್ತು. ನಾನು ಪಂಚನಾಗಿ ಕುಳಿತೆ. ಪಂಚನಿಗೆ ಸೋಲಿಲ್ಲ, ಕರದಂಟಿನ ಪಾಲು ಮಾತ್ರ ಉಂಟು.

ಬೀಜವನ್ನು ಹುಡುಕುವುದು

ಈ ಮೂವರಲ್ಲಿ ಯಾರ ಮಾರ್ಗ ಸರಿ? ನಮ್ಮ ಅಲಂಕಾರಶಾಸ್ತ್ರದ ಪಾಠಗಳಲ್ಲಿಯೇ ಇದಕ್ಕೆ ಉತ್ತರವಿದೆಯೆಂದು ನನಗೆ ತೋರಿತು. ನಾಟಕದ ವಸ್ತುವಿಗೆ ಐದು ಅರ್ಥಪ್ರಕೃತಿಗಳನ್ನು ಹೇಳಿದ್ದಾರೆ: ಬೀಜ, ಬಿಂದು, ಪತಾಕಾ, ಪ್ರಕರೀ, ಕಾರ್ಯ. ಮೊದಲು ಅಲ್ಪವಾಗಿ ಬಿತ್ತಲ್ಪಟ್ಟು ಮುಂದೆ ಹಲವು ಬಗೆಯಾಗಿ ಹಬ್ಬಿ ಫಲಕ್ಕೆ ಕಾರಣವಾಗುವುದೇ ಬೀಜ. ಮುಂದಾಗುವುದನ್ನು ಬೇರೊಂದು ಮಾತಿನ ಅಥವಾ ಸಂಗತಿಯ ನೆಪದಲ್ಲಿ ಸೂಚಿಸುವುದಕ್ಕೆ ‘ಪತಾಕಾಸ್ಥಾನ’ವೆಂದೂ ಹೆಸರಿದೆ. ಗ್ರೀಸಿನ ಅರಿಸ್ಟಾಟಲನೂ ತನ್ನ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹತ್ತಿರದ ಮಾತನ್ನು ಹೇಳಿದ್ದಾನೆ. ನಾಟಕದ ಘಟನೆಗಳು ನಾವು ಎಣಿಸದ ರೀತಿಯಲ್ಲಿ ಬರಬೇಕು. ಆದರೂ ಒಂದರಿಂದ ಒಂದು ಹುಟ್ಟಿದಂತಿರಬೇಕು. ಆಗಲೇ ಬೆರಗು ಹೆಚ್ಚು.

ಎಂದರೆ ಊಹೆಯು ಬೀಜವನ್ನು ಹುಡುಕುವ ಕೆಲಸ. ಕಥೆಗಾರನು ಬೀಜವನ್ನು ಬಿತ್ತಿ ಮಣ್ಣು ಮುಚ್ಚಿರುತ್ತಾನೆ. ಕೇಳುಗನು ಆ ನೆಲವನ್ನು ಕೆದರಿ ನೋಡುತ್ತಾನೆ. ಬೀಜವನ್ನೇ ಬಿತ್ತದೆ ಬೆಳೆ ತೋರಿಸಿದರೆ ಅದು ಮೋಸ. ನೆಲವನ್ನು ಕೆದರಬೇಡವೆಂದರೆ ಅದೂ ಮೋಸ. ಈ ಮಾತನ್ನು ನಾನು ಪುಸ್ತಕದಿಂದ ತಿಳಿದುಕೊಂಡೆನಾದರೂ, ಅದು ಮನಸ್ಸಿಗೆ ಹತ್ತಿದ್ದು ದೀಪಾವಳಿಯ ರಜೆಯಲ್ಲಿ, ನಮ್ಮ ಮನೆಯ ಒಲೆಯ ಮುಂದೆ.

ಅವ್ವನ ಊಹೆ

ಮೂಡಲಗಿ ತಾಲೂಕಿನ ಒಂದು ಹಳ್ಳಿ ನಮ್ಮದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವ್ವನಿಗೆ ಅಕ್ಷರ ಬಾರದು. ಒಂದು ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಆರನೆಯ ಭಾಗದ ಮೂರನೆಯ ಕಂತನ್ನು ನೋಡುತ್ತಿದ್ದೆ. ಇದು 2015ರ ಅಕ್ಟೋಬರ್ 25ರಂದು ಮೊದಲು ಪ್ರಸಾರವಾದ ಕಂತು. ಗ್ಲೆನ್ ಎಂಬ ಒಳ್ಳೆಯ ಹುಡುಗನೂ ನಿಕೊಲಸ್ ಎಂಬ ಅಂಜುಬುರುಕನೂ ಹೆಣಗಳ ಗುಂಪಿನ ನಡುವೆ ಒಂದು ಕಸದ ಪೆಟ್ಟಿಗೆಯ ಮೇಲೆ ಸಿಕ್ಕಿಬಿದ್ದಿದ್ದಾರೆ. ನಿಕೊಲಸನು ತನ್ನನ್ನು ತಾನೇ ಗುಂಡಿಟ್ಟುಕೊಂಡು ಗ್ಲೆನ್ನನ ಮೇಲೆ ಉರುಳುತ್ತಾನೆ. ಇಬ್ಬರೂ ಕೆಳಗೆ ಬೀಳುತ್ತಾರೆ. ಹೆಣಗಳು ಮುತ್ತಿ ಹೊಟ್ಟೆ ಬಗೆಯುತ್ತವೆ. ಗ್ಲೆನ್ನನ ಮುಖ ಚೀರುತ್ತದೆ. ಕಂತು ಮುಂದೆ ಸಾಗುತ್ತದೆ.

ಅಮೆರಿಕೆಯಲ್ಲಿ ಇದನ್ನು ನೋಡಿದವರು ನಾಲ್ಕು ವಾರ ವಾದಿಸಿದರು. ಮುಂದಿನ ಕಂತಿನ ಆರಂಭದಲ್ಲಿ ಗ್ಲೆನ್ ಪಾತ್ರಧಾರಿ ಸ್ಟೀವನ್ ಯೂನನ ಹೆಸರನ್ನೂ ತೆಗೆದುಹಾಕಿದ್ದರು. ನಮ್ಮ ಗೋಕಾಕದ ಗೆಳೆಯನು ಇದನ್ನು ಕಂಡು, ಸತ್ತನೆಂದು ತೀರ್ಪು ಕೊಟ್ಟಿದ್ದ. ನಾನೂ ಹಾಗೆಯೇ ನಂಬಿದ್ದೆ. ಈಗ ಅದೇ ಕಂತನ್ನು ಮತ್ತೊಮ್ಮೆ ನೋಡುತ್ತಿದ್ದೆನಷ್ಟೆ. ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಕೈಯೊರಸಿಕೊಂಡಳು.

“ಯಪ್ಪಾ, ಹರಿಯಾಕತ್ತಿದ್ದು ಮ್ಯಾಲ ಬಿದ್ದಾಂವನ ಹೊಟ್ಟಿ. ತಳಗ ಬಿದ್ದಾಂವಂದಲ್ಲ. ಆಂವ ಸತ್ತಿಲ್ಲ.”

ಅವಳಿಗೆ ಇಂಗ್ಲಿಷ್ ಬಾರದು. ಹಿಂದಿನ ಕಂತುಗಳನ್ನು ನೋಡಿದವಳಲ್ಲ. ಮೂಲಗ್ರಂಥವಿಲ್ಲ, ನಟರ ಹೆಸರಿನ ಪಟ್ಟಿಯಿಲ್ಲ. ಯಾರು ಮೇಲೆ ಬಿದ್ದರು, ಯಾರು ಕೆಳಗೆ ಎಂಬುದೊಂದನ್ನೇ ಅವಳು ನೋಡಿದ್ದಳು. ಮೂರು ಕಂತುಗಳ ತರುವಾಯ, ಎಂದರೆ 2015ರ ನವೆಂಬರ್ 22ರ ಕಂತಿನಲ್ಲಿ, ಗ್ಲೆನ್ ಕಸದ ಪೆಟ್ಟಿಗೆಯ ಅಡಿಗೆ ತೆವಳಿ ಬದುಕಿದ್ದನೆಂದು ತಿಳಿಯುತ್ತದೆ. ಹರಿದದ್ದು ನಿಕೊಲಸನ ಹೊಟ್ಟೆಯೇ. ಬೀಜ ನಮ್ಮ ಕಣ್ಣೆದುರಿಗೇ ಬಿದ್ದಿತ್ತು. ಅದನ್ನು ಕಂಡವಳು ಅವ್ವ.

ಅದೇ ಭಾಗದ ಕೊನೆಯ ಕಂತನ್ನೂ ಅವಳಿಗೆ ತೋರಿಸಿದೆ. ಅದು 2016ರ ಏಪ್ರಿಲ್ 3ರಂದು ಪ್ರಸಾರವಾದದ್ದು. ನೀಗನ್ ಎಂಬ ದುಷ್ಟನು 11 ಜನರನ್ನು ಮೊಣಕಾಲ ಮೇಲೆ ಕೂರಿಸಿ, ಮಕ್ಕಳು ಆಟದಲ್ಲಿ ಆಳು ಎಣಿಸುವಂತೆ ಪದ ಹೇಳುತ್ತ ಒಬ್ಬನನ್ನು ಆರಿಸಿ, ಮುಳ್ಳುತಂತಿ ಸುತ್ತಿದ ದೊಣ್ಣೆಯಿಂದ ಹೊಡೆಯುತ್ತಾನೆ. ಆದರೆ ಪೆಟ್ಟು ತಿಂದವನ ಕಣ್ಣಿನಿಂದಲೇ ನಮಗೆ ಕಾಣುವಂತೆ ದೃಶ್ಯವನ್ನು ತೆಗೆದಿದ್ದಾರೆ. ಸತ್ತವನು ಯಾರೆಂದು ತಿಳಿಯದು. ಅಲ್ಲಿಗೆ ಆ ಭಾಗ ಮುಗಿಯುತ್ತದೆ. ಉತ್ತರಕ್ಕಾಗಿ ಜನ ಅಕ್ಟೋಬರ್ 23ರವರೆಗೆ ಕಾಯಬೇಕಾಯಿತು. ಈ ಸಲ ಅವ್ವ ಊಹಿಸಲಿಲ್ಲ. ಹಿಟ್ಟು ನಾದುವುದನ್ನು ನಿಲ್ಲಿಸಿ ಅಂದಳು:

“ಹೊಡದಾಂವಗೂ ಗೊತ್ತೈತಿ, ಕತಿ ಹೇಳಾಂವಗೂ ಗೊತ್ತೈತಿ. ನಮ್ಮ ಕಣ್ಣಷ್ಟ ಕಟ್ಟಿ ಯಾರಂತ ಕೇಳಿದ್ರ ಅದೆಂಥಾ ಒಡಪೋ?”

ಈ ಎರಡು ಕಂತುಗಳ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ. ಮೊದಲನೆಯದರಲ್ಲಿ ಕುರುಹು ಇತ್ತು, ನೋಡುವವನು ಬಿಡಿಸಬಹುದಾಗಿತ್ತು. ಎರಡನೆಯದರಲ್ಲಿ ಕುರುಹನ್ನೇ ಬಚ್ಚಿಟ್ಟು ಪ್ರಶ್ನೆ ಕೇಳಿದರು. ಹನ್ನೊಂದು ಜನರಲ್ಲಿ ಒಬ್ಬನ ಹೆಸರು ಹೇಳುವುದು ಚೀಟಿ ಎತ್ತಿದಂತೆಯೇ ಹೊರತು ಊಹೆಯಲ್ಲ. ಮೂಲವನ್ನು ತಿಳಿದ ಹುಕ್ಕೇರಿಯ ಗೆಳೆಯನು ಮಾತ್ರ ಇಲ್ಲಿ ಗೆದ್ದ. 2012ರಲ್ಲಿ ಬಂದ ನೂರನೆಯ ಸಂಚಿಕೆಯಲ್ಲಿಯೇ ಗ್ಲೆನ್ ಹೀಗೆ ಸತ್ತಿದ್ದ. ದೂರದರ್ಶನದಲ್ಲಿ ಮೊದಲು ಏಬ್ರಹಾಮ್, ಬಳಿಕ ಗ್ಲೆನ್ ಸಾಯುತ್ತಾರೆ.

2016ರ ಅಕ್ಟೋಬರಿನ ಆ ಕಂತನ್ನು ಅಮೆರಿಕೆಯಲ್ಲಿ ಸುಮಾರು 1 ಕೋಟಿ 70 ಲಕ್ಷ ಜನ ನೋಡಿದರು. 2022ರ ಕೊನೆಯ ಕಂತನ್ನು ದೂರದರ್ಶನದಲ್ಲಿ ನೋಡಿದವರು ಸುಮಾರು 23 ಲಕ್ಷ. ಇಷ್ಟು ಇಳಿತಕ್ಕೆ ಆ ಒಂದು ದೃಶ್ಯವೇ ಕಾರಣವೆಂದರೆ ತಪ್ಪಾದೀತು. ಈ ವರ್ಷಗಳಲ್ಲಿ ಜನ ದೂರದರ್ಶನ ಬಿಟ್ಟು ಅಂತರಜಾಲದಲ್ಲಿ ನೋಡುವುದೂ ಹೆಚ್ಚಿತು, ಕಥೆಯೂ ಬಹಳ ಉದ್ದವಾಯಿತು. ಆದರೂ ಆರು ತಿಂಗಳಿಗೆ ಮೀರಿ ಕಾದವರಲ್ಲಿ ಅನೇಕರು, ತಮ್ಮನ್ನು ಕಾಯಿಸಿದ್ದು ಕಥೆಯ ಸಲುವಾಗಿ ಅಲ್ಲವೆಂದು ಆಗಲೇ ಬಹಿರಂಗವಾಗಿ ಆಕ್ಷೇಪಿಸಿದ್ದರು.

ಬೇತಾಳನ ನಿಯಮ

‘ಒಡಪ’ ಎಂದು ಅವ್ವ ಅಂದ ಮಾತಿನಿಂದ ನನಗೆ ಬೇತಾಳನ ನೆನಪಾಯಿತು. ನಮ್ಮ ದೇಶದ ನಡೆದಾಡುವ ಹೆಣವೆಂದರೆ ಅವನೇ ಅಲ್ಲವೆ? ಹೆಣದಲ್ಲಿ ಹೊಕ್ಕು ಮಾತಾಡುವ ಭೂತ ಬೇತಾಳ. 2020ರಲ್ಲಿ ಬ್ರಿಟಿಷ್ ಪಡೆಯ ಸತ್ತ ಸೈನಿಕರು ಎದ್ದುಬರುವ ಹಿಂದಿ ಧಾರಾವಾಹಿಯೊಂದು ಬಂದಾಗ ಅದಕ್ಕೂ ‘ಬೇತಾಳ’ ಎಂದೇ ಹೆಸರಿಟ್ಟರು. ಆದರೆ ಹಳೆಯ ಬೇತಾಳನು ಮನುಷ್ಯರನ್ನು ತಿನ್ನುವುದಕ್ಕಿಂತ ಕಥೆ ಹೇಳುವುದರಲ್ಲಿ ಆಸಕ್ತನು.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಬರೆದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳಿವೆ. ರಾಜನು ಭಿಕ್ಷುವೊಬ್ಬನ ಮಾತಿಗೆ ಕಟ್ಟುಬಿದ್ದು, ಸ್ಮಶಾನದ ಮರದಲ್ಲಿ ತೂಗುವ ಹೆಣವನ್ನು ಹೆಗಲ ಮೇಲೆ ಹೊತ್ತು ತರುತ್ತಾನೆ. ಹೆಣದೊಳಗಿನ ಬೇತಾಳನು ದಾರಿಯಲ್ಲಿ ಕಥೆ ಹೇಳಿ, ಕೊನೆಗೆ ಪ್ರಶ್ನೆ ಕೇಳುತ್ತಾನೆ. ಉತ್ತರ ತಿಳಿದೂ ಹೇಳದಿದ್ದರೆ ತಲೆ ಸಿಡಿದೀತು; ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ ಹಾರೀತು. ಈ ನಿಯಮದಲ್ಲಿ ಒಂದು ನ್ಯಾಯವಿದೆ. ಉತ್ತರಕ್ಕೆ ಬೇಕಾದುದೆಲ್ಲವನ್ನೂ ಬೇತಾಳನು ಪ್ರಶ್ನೆಗೆ ಮೊದಲೇ ಹೇಳಿ ಮುಗಿಸಿರುತ್ತಾನೆ. ಅವನು ಕೇಳುವುದು ‘ಯಾರು ಸತ್ತರು?’ ಎಂದಲ್ಲ, ‘ಯಾರದು ಹೆಚ್ಚಿನ ತ್ಯಾಗ?’, ‘ತಪ್ಪು ಯಾರ ಮೇಲೆ?’ ಎಂದು. ಕಡೆಗೆ ರಾಜನು ಉತ್ತರ ತೋಚದೆ ಸುಮ್ಮನಾದಾಗಲೂ ಬೇತಾಳನು ಅವನನ್ನು ಕೊಲ್ಲುವುದಿಲ್ಲ. ಮೆಚ್ಚಿ, ಭಿಕ್ಷುವಿನ ಸಂಚನ್ನು ತಿಳಿಸಿ ಬದುಕಿಸುತ್ತಾನೆ.

1947ರಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ ಮುಂದೆ ಕನ್ನಡಕ್ಕೂ ಬಂದ, ಈಗ ನಿಂತುಹೋಗಿರುವ ‘ಚಂದಮಾಮ’ ಮಾಸಪತ್ರಿಕೆಯು ಇದೇ ಚೌಕಟ್ಟಿನಲ್ಲಿ ಹೊಸಹೊಸ ಕಥೆಗಳನ್ನು ದಶಕಗಳ ಕಾಲ ಕೊಟ್ಟಿತು. ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ: ಶಂಕರ್ ಅವರು ಬರೆದ ಆ ಚಿತ್ರವನ್ನು ಅರಿಯದವರು ವಿರಳ. ರದ್ದಿ ಅಂಗಡಿಯಿಂದ ತಂದ ಹಳೆಯ ಸಂಚಿಕೆಗಳಲ್ಲಿ ನಾನೂ ಆ ಕಥೆಗಳನ್ನು ಓದಿದ್ದೆ. ಪ್ರಶ್ನೆ ಬಂದೊಡನೆ ಉತ್ತರದ ಸಾಲುಗಳ ಮೇಲೆ ಅಂಗೈ ಮುಚ್ಚಿ, ನನ್ನ ಉತ್ತರವನ್ನು ಮೊದಲು ಹೇಳಿಕೊಂಡು, ಬಳಿಕ ಕೈ ತೆಗೆಯುತ್ತಿದ್ದೆ. ತಪ್ಪಿದರೂ ಸಿಟ್ಟು ಬರುತ್ತಿರಲಿಲ್ಲ. ಹಿಂದಿನ ಪುಟಕ್ಕೆ ಹೋದರೆ ಕಾರಣ ಸಿಕ್ಕುತ್ತಿತ್ತು.

ಗೊತ್ತಿದ್ದ ಕಥೆಯ ಊಹೆ

ಇಲ್ಲಿ ಒಂದು ಸಂದೇಹ ಬರಬಹುದು. ಮುಂದೇನೆಂದು ಎಲ್ಲರಿಗೂ ಗೊತ್ತಿರುವ ಕಥೆಯನ್ನು ಜನ ರಾತ್ರಿಯಿಡೀ ಏಕೆ ನೋಡುತ್ತಾರೆ? ನಮ್ಮ ಸೀಮೆಯ ‘ಶ್ರೀಕೃಷ್ಣ ಪಾರಿಜಾತ’ವೇ ಇದಕ್ಕೆ ನಿದರ್ಶನ. ಅಪರಾಳ ತಮ್ಮಣ್ಣನ ಈ ಕೃತಿಗೆ ರಂಗದ ರೂಪ ಕೊಟ್ಟು ಬೆಳೆಸಿದವನು ಕುಲಗೋಡ ತಮ್ಮಣ್ಣ. ಅವನ ಊರು ಕುಲಗೋಡ ಹಳೆಯ ಗೋಕಾಕ ತಾಲೂಕಿನದು, ಈಗ ಮೂಡಲಗಿಗೆ ಸೇರಿದೆ. ಈ ಆಟದಲ್ಲಿ ಹೆಸರಾದ ಕೌಜಲಗಿ ನಿಂಗಮ್ಮನೂ ಇದೇ ಸೀಮೆಯವಳು. ನಾರದನು ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಇದು ಹಟ್ಟಿಯ ಕೂಸಿಗೂ ಗೊತ್ತು. ಇಲ್ಲಿ ಊಹೆಯು ‘ಮುಂದೇನು’ ಎಂಬಲ್ಲಿಲ್ಲ, ‘ಹೇಗೆ’ ಎಂಬಲ್ಲಿದೆ. ಇವತ್ತಿನ ಸತ್ಯಭಾಮೆ ಎಷ್ಟು ಮುನಿದಾಳು? ದೂತಿಯು ಯಾವ ಮಾತಿನಿಂದ ಅವಳನ್ನು ಕೆಣಕಿಯಾಳು? ಭಾಗವತನು ಅದಕ್ಕೆ ಏನೆಂದಾನು?

ಅವ್ವ ಸಣ್ಣವಳಿದ್ದಾಗ ಜಾತ್ರೆಗಳಲ್ಲಿ ಇಂಥ ಆಟಗಳನ್ನು ಬೆಳ್ಳಬೆಳತನಕ ಕಂಬಳಿ ಹೊದ್ದು ನೋಡಿದವಳು. ಕಥೆ ಮೊದಲೇ ಗೊತ್ತಿರುವುದರಿಂದ ಇಂಥ ನೋಟಕರ ಕಣ್ಣು ಚಿಕ್ಕ ಚಿಕ್ಕ ಸಂಗತಿಗಳ ಮೇಲಿರುತ್ತದೆ: ಸೆರಗು ಯಾವ ಕಡೆಗೆ ತಿರುಗಿತು, ಯಾರು ಕುಳಿತರು, ಯಾರು ನಿಂತರು. ಯಾರು ಮೇಲೆ, ಯಾರು ಕೆಳಗೆ ಎಂದು ಅವಳು ನೋಡಿದ್ದು ಆಕಸ್ಮಿಕವಲ್ಲ. ಅದು ಅನೇಕ ರಾತ್ರಿಗಳ ಅಭ್ಯಾಸ.

ಊಹೆಯು ಕೃತಿಯಾಗುವುದು

ಊಹೆಯು ಉತ್ತರ ಸಿಕ್ಕೊಡನೆ ಮುಗಿಯಬೇಕೆಂದೇನೂ ಇಲ್ಲ. ಬೇತಾಳನ ಕಥೆಗಳಲ್ಲೊಂದರಲ್ಲಿ ಹೆಂಡತಿಯೊಬ್ಬಳು ದೇವಿಯ ಗುಡಿಯಲ್ಲಿ ಸತ್ತ ತನ್ನ ಗಂಡನ ಮತ್ತು ಅಣ್ಣನ ತಲೆಗಳನ್ನು ಅವಸರದಲ್ಲಿ ಅದಲುಬದಲಾಗಿ ಜೋಡಿಸುತ್ತಾಳೆ, ಇಬ್ಬರೂ ಬದುಕುತ್ತಾರೆ. ಈಗ ಅವಳ ಗಂಡ ಯಾರು? ಅಂಗಗಳಲ್ಲಿ ತಲೆಯೇ ಶ್ರೇಷ್ಠ, ಆದ್ದರಿಂದ ಗಂಡನ ತಲೆಯಿರುವವನೇ ಗಂಡ ಎಂದು ರಾಜನು ಉತ್ತರಿಸುತ್ತಾನೆ. ಸೋಮದೇವನಿಗೆ ಕಥೆ ಅಲ್ಲಿಗೆ ಮುಗಿಯಿತು. ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಇದನ್ನೇ ಎತ್ತಿಕೊಂಡು, ಅಣ್ಣನ ಬದಲು ಗೆಳೆಯನನ್ನಿಟ್ಟು ಒಂದು ನೀಳ್ಗತೆ ಬರೆದ. ಗಿರೀಶ ಕಾರ್ನಾಡರು 1971ರಲ್ಲಿ ‘ಹಯವದನ’ವನ್ನು ರಚಿಸಿದರು. ರಾಜನ ಉತ್ತರವನ್ನು ಒಪ್ಪಿದ ಮೇಲೆ ಆ ಮನೆಯಲ್ಲಿ ಮರುದಿನ ಏನಾದೀತು ಎಂಬುದೇ ಅವರ ನಾಟಕ. ಕಪಿಲನ ಗಟ್ಟಿ ಮೈ ದೇವದತ್ತನ ತಲೆಯ ಕೆಳಗೆ ದಿನದಿನಕ್ಕೆ ಮೆತ್ತಗಾಗುತ್ತದೆ. ಪದ್ಮಿನಿಯ ಆಸೆ ತೀರದೆ ಉಳಿಯುತ್ತದೆ. ಎಂದರೆ ದೊಡ್ಡ ಲೇಖಕನೂ ಮೊದಲು ಸಮಾಧಾನವಾಗದ ಕೇಳುಗನೇ.

ಈ ತಲೆ ಬದಲಾದ ಕಥೆಯನ್ನು ನಾನು ಅವ್ವನಿಗೆ ಹೇಳಿದೆ. ರಾಜನ ಉತ್ತರವನ್ನು ಹೇಳದೆ, ಬೇತಾಳನಂತೆಯೇ ಕೇಳಿದೆ: ಗಂಡ ಯಾರು? ಅವಳು ಯೋಚಿಸಲಿಲ್ಲ.

“ರಾಜಾನ್ನ ಯಾಕ ಕೇಳಬೇಕೋ? ಬಾಳೇ ಮಾಡಾಕಿ ಆಕಿ. ಆಕಿನ್ನ ಕೇಳಬೇಕಿಲ್ಲೋ?”

ಸೋಮದೇವನ ಕಥೆಯಲ್ಲಿ ಅವಳನ್ನು ಯಾರೂ ಕೇಳುವುದಿಲ್ಲ. ‘ಹಯವದನ’ದಲ್ಲಿ ಪದ್ಮಿನಿ ತನಗೆ ಏನು ಬೇಕೆಂಬುದನ್ನು ತಾನೇ ಹೇಳುತ್ತಾಳೆ. ಆ ನಾಟಕದ ಹೆಸರನ್ನೂ ಅರಿಯದ ಅವ್ವ ಒಲೆಯ ಮುಂದೆ ಕುಳಿತು ಅದರ ಬಾಗಿಲಿಗೆ ಬಂದು ನಿಂತಿದ್ದಳು.

ಉಪಸಂಹಾರ

ಇಷ್ಟರಿಂದ ಮೂರು ಮಾತುಗಳನ್ನು ಹೇಳಬಹುದೆಂದು ತೋರುತ್ತದೆ. ಒಂದು: ಕಥೆಯ ಮುಂದಿನ ದಾರಿಯನ್ನು ಊಹಿಸುವಾಗ ಮೂಲಗ್ರಂಥವೂ ಹೊರಗಿನ ವರ್ತಮಾನವೂ ಕೆಲವೊಮ್ಮೆ ಗೆಲ್ಲಿಸಿಯಾವು, ಆದರೆ ಕಥೆಯನ್ನು ತಿಳಿಸಿಕೊಡಲಾರವು, ತಿಳಿಸಿಕೊಡುವುದು ಒಳಗಿನ ಬೀಜವೇ. ಎರಡು: ಊಹೆಗೆ ಕರೆದ ಕಥೆಗಾರನು ಕುರುಹನ್ನು ಬಚ್ಚಿಡಬಾರದು, ಇದು ಬೇತಾಳನೂ ಪಾಲಿಸಿದ ನಿಯಮ. ಮೂರು: ಉತ್ತರ ಬಂದ ಮೇಲೂ ಕೇಳುವ ಹಕ್ಕು ಕೇಳುಗನಿಗೆ ಉಳಿದಿರುತ್ತದೆ.

ಬಿ. ಎ. ಮೊದಲ ವರ್ಷದಲ್ಲಿ ಒಮ್ಮೆ ತರಗತಿಯಲ್ಲಿ, ನಿಮ್ಮ ನಿಮ್ಮ ಮನೆಗಳಲ್ಲಿ ಓದುವ ಅಭಿರುಚಿ ಯಾರಿಗಿದೆ ಎಂಬ ಪ್ರಶ್ನೆ ಬಂದಿತ್ತು. ಕೆಲವರು ತಂದೆಯ ಹೆಸರು, ಕೆಲವರು ಅಕ್ಕನ ಹೆಸರು ಹೇಳಿದರು. ನನ್ನ ಸರದಿ ಬಂದಾಗ “ಯಾರೂ ಇಲ್ಲ, ಸರ್” ಎಂದು ಹೇಳಿ ಕುಳಿತುಕೊಂಡೆ. ಆ ಉತ್ತರವನ್ನು ತಿದ್ದಿಕೊಳ್ಳಲು ಎರಡು ವರ್ಷ ಬೇಕಾಯಿತು. ಅಂದು ಹೇಳಬೇಕಾಗಿದ್ದ ಉತ್ತರವನ್ನು ಈ ಲೇಖನದ ರೂಪದಲ್ಲಿ ಒಪ್ಪಿಸಿದ್ದೇನೆ. ಪಣದಲ್ಲಿ ಸೋತ ಗೋಕಾಕದ ಗೆಳೆಯನು ತಂದ ಕರದಂಟಿನಲ್ಲಿ ನನ್ನ ಪಾಲನ್ನು ಊರಿಗೆ ಒಯ್ದೆ. ನ್ಯಾಯವಾಗಿ ಗೆದ್ದವಳು ಅವಳೇ ತಾನೆ?